ಜೀಪು ಹೋಗದ ಕಾಡಿನಲ್ಲಿ ನಾಲ್ಕು ದಿನ

ದೆಹಲಿ ಸುತ್ತಮುತ್ತ ಇರುವ ಕನ್ನಡಿಗರಿಗೆ ಏಪ್ರಿಲ್ ಮುಗಿಯುವ ಹೊತ್ತಿಗೆ ಒಂದೇ ಯೋಚನೆ: ಈ ಧಗೆಯಿಂದ ನಾಲ್ಕು ದಿನ ಎಲ್ಲಿಗೆ ಓಡುವುದು? ಶಿಮ್ಲಾ, ಮನಾಲಿಗೆ ಹೋದರೆ ಅಲ್ಲಿಗೂ ದೆಹಲಿಯೇ ಬಂದು ಕೂತಿರುತ್ತದೆ. ಕಾಡು ಎಂದರೆ ಜಿಮ್ ಕಾರ್ಬೆಟ್ ಇಲ್ಲವೇ ರಣಥಂಬೋರ್. ಅಲ್ಲಿ ಬೆಳಗಿನ ಜಾವ ಎದ್ದು ಜೀಪು ಹತ್ತಿ, ಎದುರು ಸಿಕ್ಕ ಜೀಪಿನವರನ್ನೆಲ್ಲ "ಹುಲಿ ಕಂಡಿತಾ?" ಎಂದು ಕೇಳುತ್ತಾ ಮೂರು ಗಂಟೆ ಸುತ್ತಿ ಬರುವುದು. ಬಂಡೀಪುರ, ನಾಗರಹೊಳೆಯಲ್ಲೂ ನಾವು ಮಾಡುವುದು ಅದನ್ನೇ.

ಜೀಪೇ ಹೋಗದ ಒಂದು ರಾಷ್ಟ್ರೀಯ ಉದ್ಯಾನಕ್ಕೆ ಹೋದ ವರ್ಷ ಮೇ ಮೊದಲ ವಾರ ಹೋಗಿಬಂದೆ. ಹಿಮಾಚಲ ಪ್ರದೇಶದ ಕುಲ್ಲು ಜಿಲ್ಲೆಯಲ್ಲಿರುವ ಗ್ರೇಟ್ ಹಿಮಾಲಯನ್ ನ್ಯಾಷನಲ್ ಪಾರ್ಕ್. 754 ಚದರ ಕಿಲೋಮೀಟರ್ ವಿಸ್ತೀರ್ಣ. ಅದಕ್ಕೆ ಅಂಟಿಕೊಂಡು ತೀರ್ಥನ್ ಮತ್ತು ಸೈಂಜ್ ಎಂಬ ಎರಡು ವನ್ಯಧಾಮಗಳು. ಕೆಳಗೆ ಎರಡು ಸಾವಿರ ಮೀಟರಿಗಿಂತ ಕಡಿಮೆ ಎತ್ತರದ ಕಣಿವೆಗಳು, ಮೇಲೆ ಆರು ಸಾವಿರ ಮೀಟರ್ ದಾಟುವ ಹಿಮಶಿಖರಗಳು. 2014ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಎರಡು ವರ್ಷ ಮೊದಲು, 2012ರಲ್ಲಿ, ಅದೇ ಪಟ್ಟಿಗೆ ನಮ್ಮ ಪಶ್ಚಿಮ ಘಟ್ಟ ಸೇರಿತ್ತು.

ಉದ್ಯಾನದ ಒಳಗೆ ವಾಹನ ರಸ್ತೆಯಿಲ್ಲ, ರೆಸಾರ್ಟ್ ಇಲ್ಲ, ಸಫಾರಿ ಇಲ್ಲ. ಹುಲಿಯೂ ಇಲ್ಲ. ಪರವಾನಗಿ ಪಡೆದು, ಸ್ಥಳೀಯ ಗೈಡ್ ಜೊತೆ, ಕಾಲ್ನಡಿಗೆಯಲ್ಲೇ ಹೋಗಬೇಕು. ನೊಯ್ಡಾದ ನಮ್ಮ ಆಫೀಸಿನಿಂದ ನಾವು ಮೂವರು ಹೊರಟೆವು. ಉಳಿದಿಬ್ಬರಿಗೆ ಹಕ್ಕಿ ನೋಡುವ ಹುಚ್ಚು. ನನಗೆ ಹಕ್ಕಿಯ ಜೊತೆ ಇನ್ನೊಂದು ಕಾರಣವೂ ಇತ್ತು.

ನಮ್ಮೂರು ಶೃಂಗೇರಿ ತಾಲ್ಲೂಕಿನ ಕೆರೆಕಟ್ಟೆ ಕಡೆ. ಅಂದರೆ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಗಡಿಯ ಒಳಗೆ. ನಾನು ಹುಟ್ಟುವ ಹೊತ್ತಿಗೇ, 1987ರಲ್ಲಿ, ಅದು ರಾಷ್ಟ್ರೀಯ ಉದ್ಯಾನವಾಗಿ ಮೊದಲ ಅಧಿಸೂಚನೆ ಬಂದಿತ್ತು. ನಮ್ಮ ಬೀದಿಯ ಏಳು ಮನೆಗಳಲ್ಲಿ ನಾಲ್ಕು ಮನೆಯವರು ಪುನರ್ವಸತಿ ಪರಿಹಾರ ತೆಗೆದುಕೊಂಡು ಕೊಪ್ಪ, ಶಿವಮೊಗ್ಗ ಅಂತ ಹೋದರು. ಶಾಲೆ ಮುಚ್ಚಿತು. ಅಡಿಕೆಗೆ ಹಳದಿ ಎಲೆ ರೋಗ. ಹೋದ ಚಳಿಗಾಲದಲ್ಲಿ ಅಪ್ಪಯ್ಯ ಫೋನ್ ಮಾಡಿ, "ಒಪ್ಪಿಗೆ ಕೊಡೋರು ಸಹಿ ಹಾಕಿ ಅಂತ ಕಾಗದ ಬಂದಿದೆ. ನೀನಂತೂ ಇಲ್ಲಿಗೆ ಬರಲ್ಲ. ಹಾಕ್ಲಾ ಬೇಡ್ವಾ, ನೀನೇ ಹೇಳು" ಎಂದರು. ಒಬ್ಬಳೇ ಮಗಳು, ಎರಡು ಸಾವಿರ ಕಿಲೋಮೀಟರ್ ದೂರದಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿರುವವಳು, ಏನು ಹೇಳಲಿ? ಮಳೆಗಾಲ ಶುರುವಾಗುವುದರೊಳಗೆ ಹೇಳುತ್ತೇನೆ ಎಂದಿದ್ದೆ. ಹಾಗಾಗಿ ಈ ಹಿಮಾಲಯದ ಉದ್ಯಾನ ಆಗುವ ಮೊದಲು ಅಲ್ಲಿದ್ದವರು ಈಗ ಹೇಗಿದ್ದಾರೆ ಎಂದು ನೋಡುವ ಆಸೆ ನನಗಿತ್ತು.

ಔಟ್ ಸುರಂಗದಿಂದ ಗುಶೈಣಿಗೆ

ದೆಹಲಿಯ ಕಾಶ್ಮೀರಿ ಗೇಟ್‌ನಲ್ಲಿ ಸಂಜೆ ಮನಾಲಿ ಬಸ್ಸು ಹತ್ತಿದರೆ ಬೆಳಗಾಗುವ ಹೊತ್ತಿಗೆ ಔಟ್ ಎಂಬ ಊರು ಬರುತ್ತದೆ. ಬಿಯಾಸ್ ನದಿಯ ದಡ. ಮನಾಲಿಗೆ ಹೋಗುವವರು ಅಲ್ಲಿನ ಉದ್ದನೆಯ ಸುರಂಗದೊಳಗೆ ನುಗ್ಗಿ ಹೋಗುತ್ತಾರೆ. ನಾವು ಸುರಂಗದ ಬಾಯಲ್ಲೇ ಇಳಿದು, ಲಾರ್ಜಿ ಅಣೆಕಟ್ಟಿನ ಪಕ್ಕದಿಂದ ಬಂಜಾರ್ ಪೇಟೆಗೆ, ಅಲ್ಲಿಂದ ಗುಶೈಣಿಗೆ ಜೀಪಿನಲ್ಲಿ ಹೋದೆವು. ಜೀಪಿನ ಪ್ರಯಾಣ ಅಲ್ಲಿಗೆ ಮುಗಿಯಿತು. ದಾರಿಯಲ್ಲಿ ಸಾಯ್‌ರೋಪಾ ಎಂಬಲ್ಲಿ ಉದ್ಯಾನದ ಕಚೇರಿಯಿದೆ. ಆಧಾರ್ ತೋರಿಸಿ, ಶುಲ್ಕ ಕಟ್ಟಿ, ಎಷ್ಟು ದಿನ, ಯಾವ ದಾರಿ, ಗೈಡ್ ಯಾರು ಎಂದು ಬರೆಸಿ ಪರವಾನಗಿ ಪಡೆಯಬೇಕು.

ಗುಶೈಣಿ ತೀರ್ಥನ್ ನದಿಯ ದಡದ ಸಣ್ಣ ಊರು. ಕಲ್ಲು ಮತ್ತು ದೇವದಾರು ಮರದ ತೊಲೆಗಳನ್ನು ಒಂದರ ಮೇಲೊಂದು ಜೋಡಿಸಿ ಕಟ್ಟಿದ ಮನೆಗಳು. ಈ ಪದ್ಧತಿಗೆ ಕಾಠ್-ಕುಣಿ ಎನ್ನುತ್ತಾರೆ. ನದಿಯ ನೀರು ನಮ್ಮ ತುಂಗೆಯ ಚಳಿಗಾಲದ ನೀರಿನಷ್ಟು ತಿಳಿ. ಬಂಡೆಯ ಮೇಲೆ ಕೂತ ಕಂದು ಬಣ್ಣದ ಗಿಡ್ಡ ಹಕ್ಕಿಯೊಂದು ಭೋರ್ಗರೆಯುವ ನೀರಿಗೆ ನೇರ ಮುಳುಗಿ, ತಳದ ಹುಳ ಹಿಡಿದು, ಮೈ ಒದ್ದೆಯೇ ಆಗದವರಂತೆ ಎದ್ದು ಬರುತ್ತದೆ. ಬ್ರೌನ್ ಡಿಪ್ಪರ್ ಎಂದು ಅದರ ಹೆಸರು. ನಮ್ಮ ಜೊತೆಗಾರರು ಬ್ಯಾಗು ಇಳಿಸುವುದನ್ನೂ ಮರೆತು ಅದನ್ನೇ ನೋಡುತ್ತಾ ನಿಂತರು.

ಈ ನದಿ ಹೀಗಿರುವುದಕ್ಕೆ ಕಾರಣವಿದೆ. ಕುಲ್ಲು ಜಿಲ್ಲೆಯ ಬಹುತೇಕ ನದಿಗಳ ಮೇಲೆ ಜಲವಿದ್ಯುತ್ ಯೋಜನೆಗಳಿವೆ. ಪಕ್ಕದ ಸೈಂಜ್ ಮತ್ತು ಪಾರ್ವತಿ ಕಣಿವೆಗಳಲ್ಲಿ ಬೆಟ್ಟದ ಹೊಟ್ಟೆಯೊಳಗೆ ಸುರಂಗ ಕೊರೆದು ನೀರು ತಿರುಗಿಸಿದ್ದಾರೆ. ತೀರ್ಥನ್ ಕಣಿವೆಯ ಜನ ಹೋರಾಡಿ ತಮ್ಮ ನದಿಯನ್ನು ಇಂಥ ಯೋಜನೆಗಳಿಂದ ಉಳಿಸಿಕೊಂಡರು. 20ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಈ ಸೀಮೆಯ ಹೊಳೆಗಳಿಗೆ ತಂದುಬಿಟ್ಟ ಟ್ರೌಟ್ ಮೀನುಗಳು ಇಲ್ಲಿ ಇಂದಿಗೂ ಇವೆ. ಆ ಮೀನು ಹಿಡಿಯಲೆಂದೇ ದೇಶದ ಎಲ್ಲೆಡೆಯಿಂದ ಜನ ಬರುತ್ತಾರೆ.

ಗೇಟಿನವರೆಗೆ ಊರು, ಗೇಟಿನಾಚೆ ಕಾಡು

ನಮ್ಮ ಗೈಡ್ ಐವತ್ತು ದಾಟಿದ ಮನುಷ್ಯ. ತಲೆಗೆ ಕುಲ್ಲು ಟೋಪಿ, ಕಾಲಿಗೆ ಸಾದಾ ಕ್ಯಾನ್ವಾಸ್ ಬೂಟು. ಹತ್ತಾರು ಸಾವಿರ ಕೊಟ್ಟು ತಂದ ನಮ್ಮ ಬೂಟುಗಳನ್ನು ನೋಡಿ ಸುಮ್ಮನೆ ನಕ್ಕರು. ಅಡುಗೆಗೆ ಒಬ್ಬ, ಸಾಮಾನು ಹೊರಲು ಇಬ್ಬರು ಹುಡುಗರು. ಎಲ್ಲರೂ ಸುತ್ತಲಿನ ಹಳ್ಳಿಯವರೇ.

ಮೊದಲ ದಿನದ ದಾರಿ ಗುಶೈಣಿಯಿಂದ ರೋಲ್ಲಾ ತನಕ, ಒಂಬತ್ತು-ಹತ್ತು ಕಿಲೋಮೀಟರ್. ನದಿಯ ಪಕ್ಕದಲ್ಲೇ ಏರಿಳಿತದ ಕಾಲುದಾರಿ. ಅರ್ಧಕ್ಕಿಂತ ಹೆಚ್ಚು ದಾರಿ ಊರುಗಳ ನಡುವೆಯೇ ಸಾಗುತ್ತದೆ: ಗೋಧಿ ಗದ್ದೆ, ಸೇಬಿನ ತೋಟ, ಅಕ್ರೋಟಿನ ಮರದಡಿ ಕಟ್ಟಿದ ಹಸು, ಬೆನ್ನ ಮೇಲೆ ಬುಟ್ಟಿ ಹೊತ್ತು ಸೊಪ್ಪು ತರುವ ಹೆಂಗಸರು. ಇದು ಉದ್ಯಾನದ ಅಂಚಿನ ವಲಯ, ಸುಮಾರು 265 ಚದರ ಕಿಲೋಮೀಟರ್. ಇಕೋಜೋನ್ ಎಂದು ಕರೆಯುತ್ತಾರೆ. ಇಲ್ಲಿ ಜನ ಇದ್ದಾರೆ, ಬೇಸಾಯ ಇದೆ. ರೋಲ್ಲಾ ಹತ್ತಿರ ಉದ್ಯಾನದ ಗೇಟು. ಅದನ್ನು ದಾಟಿದರೆ ಮನೆಗಳಿಲ್ಲ.

ಗೇಟಿನಾಚೆಗೆ ಹತ್ತು ಹೆಜ್ಜೆ ಇಟ್ಟಾಗ ಸದ್ದಿನಲ್ಲೇ ವ್ಯತ್ಯಾಸ ತಿಳಿಯಿತು. ಗೇಟಿನ ತನಕ ಕೊಡಲಿಯ ಸದ್ದು, ನಾಯಿ, ಯಾರದ್ದೋ ಮೊಬೈಲಿನ ಪಹಾಡಿ ಹಾಡು. ಆಮೇಲೆ ನದಿಯೊಂದೇ.

ರೋಲ್ಲಾದಲ್ಲಿ ಟೆಂಟು ಹಾಕಿದೆವು. ಎತ್ತರ ಸುಮಾರು 2,100 ಮೀಟರ್. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಅಂದರೆ ನಾವು ಬೆಟ್ಟ ಹತ್ತುವುದಕ್ಕೆ ಮೊದಲೇ ಮಲಗಿದ ಜಾಗ ನಮ್ಮ ರಾಜ್ಯದ ನೆತ್ತಿಗಿಂತ ಮೇಲಿತ್ತು. ಈ ಲೆಕ್ಕ ಹೇಳಿದಾಗ ಗೈಡ್, "ನಿಮ್ಮ ಕಡೆ ಬೆಟ್ಟಗಳೇ ಇಲ್ಲ ಅಂದುಕೊಂಡಿದ್ದೆ ಮೇಡಂ ಜೀ" ಎಂದರು. ಮಲೆನಾಡಿನ ಮಳೆ, ಇಂಬಳ, ಸಿಂಗಳೀಕಗಳ ಬಗ್ಗೆ ಹೇಳಿದೆ. ನಮ್ಮ ಮನೆ ಇರುವುದೂ ಒಂದು ರಾಷ್ಟ್ರೀಯ ಉದ್ಯಾನದ ಒಳಗೆ ಎಂದಾಗ ಅವರು ಒಲೆಯಿಂದ ತಲೆಯೆತ್ತಿ ನೋಡಿ, "ಒಳಗಾ? ಇನ್ನೂ ಇದ್ದೀರಾ?" ಎಂದು ಕೇಳಿದರು.

ಮೇಲೇರಿದಂತೆ ಬದಲಾಗುವ ಕಾಡು

ಎರಡನೇ ದಿನ ರೋಲ್ಲಾದಿಂದ ಶಿಲ್ಟ್‌ಗೆ. ಸುಮಾರು 3,100 ಮೀಟರ್ ಎತ್ತರದಲ್ಲಿ ಅರಣ್ಯ ಇಲಾಖೆಯ ಒಂದು ಗುಡಿಸಲು. ದೂರ ಹೆಚ್ಚಿಲ್ಲ, ಆದರೆ ಸಾವಿರ ಮೀಟರ್ ಏರಬೇಕು. ಅಂದರೆ ನಾಲ್ಕು-ಐದು ಗಂಟೆ ಮೆಟ್ಟಿಲು ಹತ್ತಿದಂತೆ. ದಿನವಿಡೀ ಕುರ್ಚಿಯಲ್ಲಿ ಕೂರುವ ನಮ್ಮಂಥವರು ಹೊರಡುವ ಮೊದಲು ಒಂದು ತಿಂಗಳಾದರೂ ದಿನಾ ಮೆಟ್ಟಿಲು ಹತ್ತಿಳಿದು ಅಭ್ಯಾಸ ಮಾಡಿಕೊಂಡರೆ ಒಳ್ಳೆಯದು. ನಾವು ಮಾಡಿದ್ದೆವು, ಆದ್ದರಿಂದಲೇ ದಾರಿಯಲ್ಲಿ ತಲೆಯೆತ್ತಿ ನೋಡಲು ಉಸಿರು ಉಳಿದಿತ್ತು.

ಹಿಮಾಲಯದ ಕಾಡಿನ ಸೊಗಸು ಇರುವುದು ಈ ಏರಿನಲ್ಲಿ. ಮಲೆನಾಡಿನಲ್ಲಿ ಒಂದೇ ಕಾಡಿನೊಳಗೆ ದಿನವಿಡೀ ನಡೆಯಬಹುದು. ಇಲ್ಲಿ ಪ್ರತಿ ಮುನ್ನೂರು-ನಾನ್ನೂರು ಮೀಟರಿಗೆ ಮರಗಳೇ ಬದಲಾಗುತ್ತವೆ. ಹೊಳೆಯ ಹತ್ತಿರ ಅಕ್ರೋಟು, ಸ್ಥಳೀಯರು ಖನೋರ್ ಎನ್ನುವ ಹಾರ್ಸ್ ಚೆಸ್ಟ್‌ನಟ್. ಆಮೇಲೆ ದೇವದಾರು, ನೀಲಿ ಪೈನ್. ಅದರ ಮೇಲೆ ಸ್ಪ್ರೂಸ್, ಫರ್. ಕೊನೆಗೆ ಖರ್ಸು ಎಂಬ ಓಕ್ ಮರಗಳು, ಕೊಂಬೆ ತುಂಬ ಪಾಚಿ ಹೊತ್ತು ನಿಂತಿರುತ್ತವೆ. ಮರದಡಿಯಲ್ಲಿ ರಿಂಗಾಲ್ ಬಿದಿರು, ನಮ್ಮ ವಾಟೆಯಂತೆ ತೆಳು. ನಡುನಡುವೆ ರೋಡೊಡೆಂಡ್ರಾನ್ ಹೂವು.

ಗೈಡ್ ಕಣ್ಣು ನೆಲದ ಮೇಲೇ ಇತ್ತು. ಒಂದು ಕಡೆ ನಿಂತು ಓಕ್ ಮರದ ಬುಡ ತೋರಿಸಿದರು. ತೊಗಟೆಯ ಮೇಲೆ ಕರಡಿಯ ಉಗುರಿನ ಗೆರೆಗಳು. ಇನ್ನೊಂದು ಕಡೆ ಹಿಕ್ಕೆಯ ರಾಶಿ. "ಕಸ್ತೂರಿ ಮೃಗ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಹಾಕುತ್ತದೆ." ಎದುರಿನ ಕಡಿದಾದ ಬಂಡೆಯ ಮೇಲೆ ನಾಲ್ಕು ಘೋರಲ್‌ಗಳು ಮೇಯುತ್ತಿದ್ದವು. ಬೈನಾಕ್ಯುಲರ್ ಹಿಡಿದ ನಮಗೆ ಅವು ಕಾಣಲು ಐದು ನಿಮಿಷ ಬೇಕಾಯಿತು. ಅವರಿಗೆ ಬರಿಗಣ್ಣೇ ಸಾಕಾಗಿತ್ತು.

ಮಧ್ಯಾಹ್ನ ಬಿದಿರಿನ ಮೆಳೆಯಿಂದ ಮೊನಾಲ್ ಹಕ್ಕಿ ಹಾರಿತು. ಗಂಡು ಮೊನಾಲ್ ಇಳಿಜಾರಿನ ಕೆಳಗೆ ರೆಕ್ಕೆ ಬಿಚ್ಚಿ ಜಾರುವಾಗ ಹಸಿರು, ನೀಲಿ, ತಾಮ್ರ ಎಲ್ಲ ಬಣ್ಣವೂ ಒಮ್ಮೆಗೇ ಮಿಂಚುತ್ತವೆ. 2007ರವರೆಗೆ ಇದೇ ಹಿಮಾಚಲದ ರಾಜ್ಯಪಕ್ಷಿಯಾಗಿತ್ತು. ಆ ವರ್ಷ ಆ ಸ್ಥಾನ ಇನ್ನೊಂದು ಹಕ್ಕಿಗೆ ಹೋಯಿತು. ಆ ಹಕ್ಕಿಗಾಗಿಯೇ ನನ್ನ ಜೊತೆಗಾರರು ಇಲ್ಲಿಗೆ ಬಂದದ್ದು.

ಜುಜುರಾಣಾ ಕೂಗಿದ ಬೆಳಗು

ವೆಸ್ಟರ್ನ್ ಟ್ರಾಗೋಪಾನ್ ಎಂದು ಪುಸ್ತಕದ ಹೆಸರು. ಇಲ್ಲಿಯವರು ಜುಜುರಾಣಾ ಎನ್ನುತ್ತಾರೆ, ಹಕ್ಕಿಗಳ ರಾಜ. ದೇವರು ಎಲ್ಲ ಹಕ್ಕಿಗಳಿಂದಲೂ ಒಂದೊಂದು ಬಣ್ಣದ ಗರಿ ಕೇಳಿ ತಂದು ಇದನ್ನು ಮಾಡಿದನಂತೆ. ಕೆಂಪು ಕುತ್ತಿಗೆ, ಕಪ್ಪು ಮೈತುಂಬ ಬಿಳಿ ಚುಕ್ಕೆ. ಪಾಕಿಸ್ತಾನದ ಉತ್ತರ ಭಾಗದಿಂದ ಉತ್ತರಾಖಂಡದವರೆಗಿನ ಹಿಮಾಲಯದಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಕಾಡಿನಲ್ಲಿ ಸಿಗದು. ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅಳಿವಿನ ಅಪಾಯವಿರುವ ಜೀವಿಗಳ ಸಾಲಿನಲ್ಲಿದೆ. ಈ ಉದ್ಯಾನಕ್ಕೆ ವಿಶ್ವ ಮಟ್ಟದಲ್ಲಿ ಮಹತ್ವ ಬಂದದ್ದರಲ್ಲಿ ಈ ಹಕ್ಕಿಯ ಪಾಲು ದೊಡ್ಡದು.

ಇದು ಮರಿ ಮಾಡುವ ಕಾಲ ಬೇಸಿಗೆಯ ಆರಂಭ. ನೆಲದಲ್ಲಿ ಆಹಾರ ಹುಡುಕುವ ಹಕ್ಕಿ. ಕುರಿಗಳು, ನಾಯಿಗಳು, ಬೆಲೆಬಾಳುವ ಗುಚ್ಛಿ ಅಣಬೆ ಹುಡುಕುವ ಜನ ಅದೇ ತಿಂಗಳುಗಳಲ್ಲಿ ಅದೇ ಕಾಡಿಗೆ ಹೋಗುತ್ತಿದ್ದರು. ಗೂಡಿನ ಪಕ್ಕ ಜನ ಓಡಾಡಿದರೆ ಹಕ್ಕಿ ಗೂಡು ಬಿಡುತ್ತದೆ. ಉದ್ಯಾನ ಮಾಡುವಾಗ ಜನರನ್ನು ಹೊರಗಿಟ್ಟದ್ದಕ್ಕೆ ಕೊಟ್ಟ ಕಾರಣಗಳಲ್ಲಿ ಇದೂ ಒಂದು.

ಮೂರನೇ ದಿನ ನಾಲ್ಕು ಗಂಟೆಗೆ ಗೈಡ್ ನಮ್ಮನ್ನು ಎಬ್ಬಿಸಿದರು. ಟಾರ್ಚ್ ಆರಿಸಿ ಕೂರಲು ಹೇಳಿದರು. ಚಳಿಗೆ ಕೈ ಮರಗಟ್ಟಿತ್ತು. ಸ್ವಲ್ಪ ಹೊತ್ತಿಗೆ ಎದುರಿನ ಇಳಿಜಾರಿನಿಂದ ದನಿಯೊಂದು ಬಂತು. ತಾಯಿಯಿಂದ ತಪ್ಪಿಸಿಕೊಂಡ ಆಡಿನ ಮರಿಯ ಹಾಗೆ ಎಳೆದು ಕೂಗುವ ದನಿ. ಒಂದು ನಿಮಿಷದ ನಂತರ ಮತ್ತೆ. ಆಮೇಲೆ ಇನ್ನೊಂದು ದಿಕ್ಕಿನಿಂದ ಅದಕ್ಕೆ ಉತ್ತರ. ಬೆಳಕು ಹರಿಯುವವರೆಗೂ ಕೂಗಿದವು. ಕಾಣಲಿಲ್ಲ. ಹತ್ತಿರ ಹೋಗೋಣವೇ ಎಂದು ನಮ್ಮವರೊಬ್ಬರು ಕೇಳಿದ್ದಕ್ಕೆ ಗೈಡ್ ತಲೆಯಾಡಿಸಿ ಬೇಡವೆಂದರು. "ಈ ತಿಂಗಳು ಬೇಡ. ಮೊಟ್ಟೆ ಇಟ್ಟಿರುತ್ತದೆ."

ಅಣಬೆಗೆಂದು ಇದೇ ಇಳಿಜಾರಿನಲ್ಲಿ ಹುಡುಗನಾಗಿ ಓಡಾಡಿದವರು ಅವರು. ಆ ಮಾತನ್ನು ಪುಸ್ತಕ ಓದಿ ಹೇಳಿದ್ದಲ್ಲ.

ಥಾಚ್‌ನಲ್ಲಿ ಕುರಿಗಳಿಲ್ಲ

ಅವತ್ತು ರಾಖುಂಡಿ ತನಕ ಹೋಗಿ ಶಿಲ್ಟ್‌ಗೆ ವಾಪಸು ಬಂದೆವು. ಎತ್ತರ ಸುಮಾರು 3,600 ಮೀಟರ್. ಮರಗಳು ಮುಗಿದು ಹುಲ್ಲುಗಾವಲು ಶುರುವಾಗುತ್ತದೆ. ನೆರಳಿನ ಕಡೆ ಇನ್ನೂ ಹಿಮ ಉಳಿದಿತ್ತು. ಹಿಮ ಕರಗಿದಲ್ಲಿ ನೀಲಿ, ಹಳದಿ ಹೂವು. ದೂರದ ಬಂಡೆಗಳ ಸಾಲಿನಲ್ಲಿ ಹಿಮಾಲಯನ್ ತಾರ್‌ಗಳ ಒಂದು ಹಿಂಡು ಕಂಡಿತು. ಚೆನ್ನೈ, ಕೊಚ್ಚಿಯಲ್ಲಿರುವ ಓದುಗರು ಎರವಿಕುಳಂನಲ್ಲಿ ನೀಲಗಿರಿ ತಾರ್ ನೋಡಿರುತ್ತೀರಿ. ಹೆಸರು ಒಂದೇ ಆದರೂ ಇದಕ್ಕೆ ಕುತ್ತಿಗೆಯ ಸುತ್ತ ಉದ್ದನೆಯ ಕೂದಲು, ಸಿಂಹದ ಕೇಸರದ ಹಾಗೆ. ನಾವು ಕುದುರೆಮುಖದ ನೆತ್ತಿಯಲ್ಲಿ ನೋಡುವ ಹುಲ್ಲುಗಾವಲು ನೆನಪಾಯಿತು. ಅಲ್ಲಿ ಶೋಲಾ ಕಾಡು ಕಣಿವೆಗಳಲ್ಲಿ ಅಡಗಿರುತ್ತದೆ. ಇಲ್ಲಿ ಚಳಿಗೆ ಮರವೇ ಮೇಲೆ ಬರುವುದಿಲ್ಲ.

ಇಂಥ ಹುಲ್ಲುಗಾವಲಿಗೆ ಇಲ್ಲಿ ಥಾಚ್ ಎನ್ನುತ್ತಾರೆ. ಒಂದು ಬಂಡೆಯ ಮರೆಯಲ್ಲಿ ಕಲ್ಲು ಜೋಡಿಸಿದ ಹಳೆಯ ಗೋಡೆಯ ಗುರುತಿತ್ತು. ಗೈಡ್ ಅದರ ಮೇಲೆ ಕೂತು ಬೀಡಿ ಹೊರತೆಗೆದರು, ಹಚ್ಚದೆ ಮತ್ತೆ ಜೇಬಿಗಿಟ್ಟರು. ಅಪ್ಪನ ಜೊತೆ ಕುರಿ ಹೊಡೆದುಕೊಂಡು ಬಂದು ಇಂಥ ಥಾಚ್‌ಗಳಲ್ಲಿ ಬೇಸಿಗೆಯಿಡೀ ಇರುತ್ತಿದ್ದೆವು ಎಂದರು. ಚಳಿ ಶುರುವಾಗುವ ಮುಂಚೆ ಇಳಿಯುತ್ತಿದ್ದರಂತೆ. ಇಳಿಯುವಾಗ ಕಡೂ, ಪತೀಶ್ ಎಂಬ ಔಷಧಿ ಬೇರುಗಳು. ವಸಂತದಲ್ಲಿ ಗುಚ್ಛಿ ಅಣಬೆ. ಮನೆಯ ನಗದು ಬರುತ್ತಿದ್ದುದು ಹೀಗೆ.

ಈ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನ ಮಾಡುವ ಉದ್ದೇಶದ ಅಧಿಸೂಚನೆ 1984ರಲ್ಲಿ ಹೊರಬಿತ್ತು. ಹದಿನೈದು ವರ್ಷ ಜನರ ಓಡಾಟ ಹೆಚ್ಚು ಕಡಿಮೆ ಹಾಗೇ ನಡೆಯಿತು. 1999ರಲ್ಲಿ ಅಂತಿಮ ಅಧಿಸೂಚನೆ ಬಂದಾಗ ಮೇವು, ಬೇರು, ಅಣಬೆ ಎಲ್ಲಕ್ಕೂ ಉದ್ಯಾನದೊಳಗೆ ನಿಷೇಧ. ಯಾರಿಗೆ ಪರಿಹಾರ ಎಂಬುದಕ್ಕೆ ಆಧಾರವಾದದ್ದು 19ನೇ ಶತಮಾನದ ಕೊನೆಯಲ್ಲಿ ಆಂಡರ್ಸನ್ ಎಂಬ ಬ್ರಿಟಿಷ್ ಅಧಿಕಾರಿ ತಯಾರಿಸಿದ ಅರಣ್ಯ ಹಕ್ಕುಗಳ ದಾಖಲೆ. ನೂರು ವರ್ಷದ ಹಿಂದಿನ ಆ ಪುಸ್ತಕದಲ್ಲಿ ಅಜ್ಜನ ಹೆಸರಿದ್ದ ಮನೆಗಳಿಗೆ ದುಡ್ಡು. ಅಷ್ಟೇ ವರ್ಷದಿಂದ ಅದೇ ಕಾಡಿಗೆ ಹೋಗುತ್ತಿದ್ದರೂ ಹೆಸರಿಲ್ಲದ ಮನೆಗಳಿಗೆ ಏನೂ ಇಲ್ಲ. ಅದೇ 1999ರಲ್ಲಿ ಪಾರ್ವತಿ ಜಲವಿದ್ಯುತ್ ಯೋಜನೆಗೆಂದು ಜೀವಾ ಕಣಿವೆಯ ಸುಮಾರು 10 ಚದರ ಕಿಲೋಮೀಟರ್ ಜಾಗವನ್ನು ಉದ್ಯಾನದ ಗಡಿಯಿಂದ ಹೊರಗಿಡಲಾಯಿತು. ಕುರಿಗೆ ಜಾಗವಿಲ್ಲ, ಸುರಂಗಕ್ಕೆ ಇದೆ ಎಂದು ಇಲ್ಲಿಯ ಜನ ಆಗ ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ.

"ನಮ್ಮ ಅಜ್ಜನ ಹೆಸರಿತ್ತು, ಸ್ವಲ್ಪ ದುಡ್ಡು ಬಂತು. ಚಿಕ್ಕಪ್ಪನ ಕಡೆಯವರದ್ದು ಇರಲಿಲ್ಲ. ಅದೇ ಕಾರಣಕ್ಕೆ ಎಷ್ಟೋ ವರ್ಷ ಮಾತಿಲ್ಲ" ಎಂದರು ಗೈಡ್. ಮೊದಲು ಸಾಮಾನು ಹೊರುವ ಕೆಲಸ, ಆಮೇಲೆ ತರಬೇತಿ ಪಡೆದು ಗೈಡ್. ವರ್ಷಕ್ಕೆ ನಾಲ್ಕು ತಿಂಗಳ ದುಡಿಮೆ. "ನನಗೆ ಸಿಕ್ಕಿತು. ಎಲ್ಲರಿಗೂ ಸಿಗಲಿಲ್ಲ. ಕಾಡು ಮಾತ್ರ ಚೆನ್ನಾಗಿದೆ, ಅದು ಸುಳ್ಳಲ್ಲ. ನಾನು ಹುಡುಗನಾಗಿದ್ದಾಗ ಇಷ್ಟು ತಾರ್ ನೋಡಿರಲಿಲ್ಲ."

ನಾನು ಅಪ್ಪಯ್ಯನ ಕಾಗದದ ವಿಷಯ ಹೇಳಿದೆ. ಅವರು ದುಡ್ಡೆಷ್ಟು ಎಂದು ಕೇಳಲಿಲ್ಲ. "ಅಲ್ಲಿಂದ ಹೋದಮೇಲೆ ನಿಮ್ಮಪ್ಪ ಬೆಳಿಗ್ಗೆ ಎದ್ದು ಏನು ಮಾಡುತ್ತಾರೆ?" ಎಂದು ಕೇಳಿದರು.

ನಮ್ಮ ಮನೆಯ ಮಾತುಕತೆಯಲ್ಲಿ ಅಲ್ಲಿಯವರೆಗೆ ಎಕರೆಗೆ ಎಷ್ಟು, ಮನೆಗೆ ಎಷ್ಟು, ಬ್ಯಾಂಕಿನಲ್ಲಿಟ್ಟರೆ ಬಡ್ಡಿ ಎಷ್ಟು ಎಂಬ ಮಾತೇ ಹೆಚ್ಚಾಗಿ ಬಂದಿತ್ತು. ಎರಡೂ ಕಡೆ ಅಂಕಿ ಹಾಕಿ ಒಂದು ಎಕ್ಸೆಲ್ ಹಾಳೆಯನ್ನೂ ಮಾಡಿದ್ದೆ. ಗೈಡ್ ಕೇಳಿದ ಪ್ರಶ್ನೆಗೆ ಆ ಹಾಳೆಯಲ್ಲಿ ಕಾಲಂ ಇರಲಿಲ್ಲ.

ಬಂಜಾರ್‌ನಲ್ಲಿ ಶೃಂಗ ಋಷಿ

ನಾಲ್ಕನೇ ದಿನ ಒಂದೇ ಉಸಿರಿಗೆ ಗುಶೈಣಿಗೆ ಇಳಿದೆವು. ಮಂಡಿ ನೋವಿನ ಬಗ್ಗೆ ಬರೆಯದಿರುವುದೇ ವಾಸಿ. ಗೈಡ್ ಮನೆಯಲ್ಲಿ ಊಟ. ಅವರ ಹೆಂಡತಿ ಸಿಡ್ಡು ಮಾಡಿದ್ದರು: ಹುದುಗಿಸಿದ ಗೋಧಿ ಹಿಟ್ಟಿನೊಳಗೆ ಅಕ್ರೋಟಿನ ಹೂರಣ ತುಂಬಿ, ಹಬೆಯಲ್ಲಿ ಬೇಯಿಸಿ, ಮೇಲೆ ತುಪ್ಪ. ನಮ್ಮ ಕಡುಬಿನ ಅಕ್ಕ ಅನ್ನಬಹುದು.

ಒಲೆಯ ಪಕ್ಕ ಕೂತು ಅವರು ತಮ್ಮ ಮಹಿಳಾ ಉಳಿತಾಯ ಸಂಘದ ಕತೆ ಹೇಳಿದರು. ಉದ್ಯಾನವಾದ ಹೊಸದರಲ್ಲಿ ಅಂಚಿನ ಹಳ್ಳಿಗಳಲ್ಲಿ ಇಂಥ ಸಂಘಗಳನ್ನು ಕಟ್ಟಿಸಿದ್ದರು. ಎರೆಗೊಬ್ಬರ ಮಾಡಿ ಮಾರುವುದು, ಕಾಡು ಏಪ್ರಿಕಾಟ್ ಬೀಜದ ಎಣ್ಣೆ ತೆಗೆಯುವುದು. "ಕಾಡಿನ ಬೇರು ಮಾರಿದಾಗ ದುಡ್ಡು ಗಂಡಸರ ಕೈಗೆ ಬರುತ್ತಿತ್ತು. ಎರೆಗೊಬ್ಬರದ್ದು ನಮ್ಮ ಪಾಸ್‌ಬುಕ್ಕಿಗೆ ಬಂತು" ಎಂದು ನಕ್ಕರು. ಗಂಡನೂ ಅಲ್ಲೇ ಇದ್ದರು, ಏನೂ ಹೇಳಲಿಲ್ಲ. ಒಂದೇ ಮನೆಯೊಳಗೂ ನಷ್ಟ ಒಬ್ಬರದ್ದು, ಲಾಭ ಇನ್ನೊಬ್ಬರದ್ದು ಆಗಬಹುದು.

ಮರುದಿನ ಬಸ್ಸಿಗೆ ಸಮಯವಿದ್ದುದರಿಂದ ಬಂಜಾರ್ ಬಳಿಯ ಶೃಂಗ ಋಷಿಯ ದೇವಸ್ಥಾನಕ್ಕೆ ಹೋದೆವು. ಈ ಕಣಿವೆಯ ದೊಡ್ಡ ದೇವತೆ. ಕುಲ್ಲು ದಸರಾಕ್ಕೆ ಪಲ್ಲಕ್ಕಿಯಲ್ಲಿ ಹೋಗುವ ದೇವತೆಗಳಲ್ಲಿ ಈತನಿಗೆ ಮುಖ್ಯ ಸ್ಥಾನ. ರಾಮಾಯಣದಲ್ಲಿ ದಶರಥನಿಗೆ ಪುತ್ರಕಾಮೇಷ್ಟಿ ಮಾಡಿಸಿದ ಅದೇ ಋಷ್ಯಶೃಂಗ. ನಮ್ಮ ಶೃಂಗೇರಿಗೆ ಆ ಹೆಸರು ಬಂದದ್ದೂ ಅವನಿಂದಲೇ. ಶೃಂಗೇರಿಯಿಂದ ಹತ್ತು ಕಿಲೋಮೀಟರ್ ದೂರದ ಕಿಗ್ಗದಲ್ಲಿ ಋಷ್ಯಶೃಂಗೇಶ್ವರನಿದ್ದಾನೆ. ಮಳೆ ಬಾರದಿದ್ದರೆ ಎಲ್ಲೆಲ್ಲಿಂದಲೋ ಜನ ಅಲ್ಲಿಗೆ ಬಂದು ಹರಕೆ ಹೊರುತ್ತಾರೆ. ಹಿಮಾಲಯದ ಅಂಗಳದಲ್ಲಿ ನಿಂತು ಊರಿನ ದೇವರ ಹೆಸರು ಕೇಳಿದಾಗ ಅಪ್ಪಯ್ಯನಿಗೆ ವಿಡಿಯೋ ಕಾಲ್ ಮಾಡದೆ ಇರಲಾಗಲಿಲ್ಲ. ಅವರು ಕನ್ನಡಕ ಹಾಕಿಕೊಂಡು ಮರದ ಗೋಪುರ ನೋಡಿ, "ಅಲ್ಲೂ ಅವ್ನೇನಾ! ಮಳೆ ಹೆಂಗೆ ಅಲ್ಲಿ?" ಎಂದರು. ನಾನು ಗೈಡ್ ಕೇಳಿದ ಪ್ರಶ್ನೆಯನ್ನೇ ಅವರಿಗೆ ಕೇಳಿದೆ. ಸ್ವಲ್ಪ ಹೊತ್ತು ಫೋನಿನಲ್ಲಿ ಬರೀ ಗಾಳಿಯ ಸದ್ದು. "ಎಂತ ಮಾಡ್ತೀನಿ? ಪೇಪರ್ ಓದ್ತೀನಿ" ಎಂದರು. ಆಮೇಲೆ, "ಯೋಚನೆ ಮಾಡ್ಬೇಕು" ಎಂದರು.

ಹೋಗುವವರಿಗೆ ನಾಲ್ಕು ಮಾತು

ಏಪ್ರಿಲ್ ಕೊನೆಯಿಂದ ಜೂನ್ ಮಧ್ಯದವರೆಗೆ, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಆರಂಭದವರೆಗೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಬೇಡವೇ ಬೇಡ. 2023ರ ಜುಲೈನಲ್ಲಿ ಬಿಯಾಸ್ ಮತ್ತು ಅದರ ಉಪನದಿಗಳು ಉಕ್ಕಿ ಕುಲ್ಲು ಜಿಲ್ಲೆಯಲ್ಲಿ ಮಾಡಿದ ಅನಾಹುತ ನೆನಪಿರಲಿ. ಸೈಂಜ್ ಪೇಟೆಯ ಅಂಗಡಿ ಮನೆಗಳೇ ಕೊಚ್ಚಿಹೋದವು.

ಗುಶೈಣಿಯಾಚೆಗೆ ಮೊಬೈಲ್ ನೆಟ್‌ವರ್ಕ್ ನಂಬಬೇಡಿ. ಆಫೀಸಿಗೆ ಮೊದಲೇ ಹೇಳಿ ಹೊರಡಿ. ಮೊದಲ ದಿನವೇ ಮೂರು ಸಾವಿರ ಮೀಟರ್ ಏರುವ ಆತುರ ಬೇಡ. ರೋಲ್ಲಾದಲ್ಲಿ ಒಂದು ರಾತ್ರಿ ಕಳೆದರೆ ಮೈ ಎತ್ತರಕ್ಕೆ ಒಗ್ಗುತ್ತದೆ. ತಲೆನೋವು, ವಾಂತಿ ಶುರುವಾದರೆ ಹಟ ಮಾಡದೆ ಕೆಳಗಿಳಿಯಿರಿ. ಚಾರಣ ಬೇಡ ಎನ್ನುವವರು ಮಕ್ಕಳು, ಹಿರಿಯರ ಜೊತೆ ಗುಶೈಣಿಯಲ್ಲೇ ಉಳಿದು ರೋಲ್ಲಾ ತನಕ ಹೋಗಿ ಬರಬಹುದು. ಹೊಳೆಯ ಹಕ್ಕಿಗಳಿಗೇ ಎರಡು ದಿನ ಸಾಲದು. ಒಯ್ದ ಪ್ಲಾಸ್ಟಿಕ್ ಎಲ್ಲವನ್ನೂ ವಾಪಸು ತನ್ನಿ. ಸ್ಪೀಕರ್ ಒಯ್ಯಲೇಬೇಡಿ.

ಮುಖ್ಯವಾಗಿ, ದೆಹಲಿಯ ಕಂಪನಿಗಳ ಪ್ಯಾಕೇಜಿನಲ್ಲಿ ಹೋಗುವುದಾದರೂ ಗೈಡ್, ಅಡುಗೆಯವರು, ಹೊರೆಯಾಳುಗಳು ಇಕೋಜೋನ್ ಹಳ್ಳಿಗಳವರೇ ಇದ್ದಾರೆಯೇ ಎಂದು ಕೇಳಿ. ದಿನಕ್ಕೆ ಅವರ ಕೈಗೆ ಎಷ್ಟು ಹೋಗುತ್ತದೆ ಎಂದೂ ಕೇಳಿ. ಗೇಟಿನಾಚೆಗಿನ ಆ ನಿಶ್ಶಬ್ದಕ್ಕಾಗಿ ಕುರಿ ಮಾರಿದವರು ಅವರು. ಚೌಕಾಸಿಯನ್ನು ಬೇರೆಲ್ಲಾದರೂ ಮಾಡೋಣ. ಇದು ಹಿಮಾಲಯಕ್ಕೆ ಮಾತ್ರ ಹೇಳಿದ ಮಾತಲ್ಲ. ಕುದುರೆಮುಖ ಶಿಖರಕ್ಕೋ ನೇತ್ರಾವತಿ ಚಾರಣಕ್ಕೋ ರಜೆಯಲ್ಲಿ ಊರಿಗೆ ಬಂದಾಗ ಹೋಗುವವರೂ ಇದನ್ನೇ ಕೇಳಬಹುದು.

ಅಪ್ಪಯ್ಯ ಇನ್ನೂ ಸಹಿ ಹಾಕಿಲ್ಲ, ಹಾಕುವುದೇ ಇಲ್ಲ ಎಂದೂ ಹೇಳಿಲ್ಲ. ದಸರಾ ರಜೆಯಲ್ಲಿ ಊರಿಗೆ ಹೋದಾಗ ನಾವಿಬ್ಬರೂ ಕೂತು ಒಂದು ಪಟ್ಟಿ ಮಾಡಿದೆವು. ಹೋದ ನಾಲ್ಕು ಮನೆಯವರು ಈಗ ಹೇಗಿದ್ದಾರೆ, ಅವರ ಹತ್ತಿರ ಹೋಗಿ ಮಾತಾಡುವುದು. ಉಳಿದ ಮೂರೂ ಮನೆಯವರು ಒಟ್ಟಿಗೆ ಏನು ಮಾಡಬೇಕೆಂದಿದ್ದಾರೆ, ಕೇಳುವುದು. ಕೆಲಸದಾಳುಗಳಾಗಿ ನಮ್ಮಲ್ಲೇ ಬದುಕಿ, ಪಹಣಿಯಲ್ಲಿ ಹೆಸರಿಲ್ಲದ ಎರಡು ಕುಟುಂಬಗಳಿಗೆ ಏನು ಸಿಗುತ್ತದೆ, ಅದನ್ನು ಬರಹದಲ್ಲಿ ಪಡೆಯುವುದು. ಮೂರನೆಯದನ್ನು ಪಟ್ಟಿಗೆ ಸೇರಿಸಿದ್ದು ಅಪ್ಪಯ್ಯ. ಹಿಮಾಚಲದ ಆ ಹಳೆಯ ದಾಖಲೆಯ ಕತೆಯನ್ನು ನಾನು ಹೇಳಿದಾಗ ಅವರು ಮಧ್ಯೆ ಒಂದು ಮಾತೂ ಆಡಿರಲಿಲ್ಲ.